ನೀಲಿ ಹನಿ ಕಂಡಿಲ್ಲ

ಮೇಲಿನ ಮನೆಯ ಬಚ್ಚಲಿನಲ್ಲಿ ನೀಲಿ ನೀರು ನಿಲ್ಲಿಸಿದ್ದರು. ಕೆಳಗಿನ ಮನೆಯಲ್ಲಿ ಅವಳು ಸ್ಟೂಲು ಹತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಸೋದರತ್ತೆಯ ಮಂಚದ ಮೇಲಿನ ಸೀಲಿಂಗಿಗೆ ಟಾರ್ಚು ಬಿಟ್ಟುಕೊಂಡು ನಿಂತಿದ್ದಳು.

ಮೇಸ್ತ್ರಿಯ ಪರೀಕ್ಷೆ ಸರಳವಾಗಿತ್ತು. ನೀರು ಹೋಗುವ ತೂತು ಮುಚ್ಚಿ, ಬಚ್ಚಲು ತುಂಬಿಸಿ, ಬಣ್ಣ ಕದಡಿ ಕಾಯುವುದು. ಕೆಳಗೆ ನೀಲಿ ಹನಿ ಕಂಡರೆ ಬಚ್ಚಲಿನ ನೆಲವೇ ಸೋರುತ್ತಿದೆ ಎಂದರ್ಥ. ಬರೀ ನೀರು ಬಂದರೆ ತಪ್ಪು ಹೊರಗೋಡೆಯ ಪೈಪಿನದು.

ಎರಡೂ ಮನೆಗಳ ಓನರ್ ಮಾತು ಅದಕ್ಕಿಂತ ಸರಳ. "ಪೈಪಾದ್ರೆ ಬದಲಾಯಿಸೋಣ. ನೆಲ ಸೋರಿದ್ರೆ ಮೇಲಿನ ಮನೆ ಪೂರ್ತಿ ಒಡೆದು ಸರಿ ಮಾಡಿಸ್ತೀನಿ. ಅಲ್ಲಿರೋ ಬಾಡಿಗೆಯವ್ರು ಖಾಲಿ ಮಾಡ್ಲಿ. ಆಮೇಲೆ ನನ್ನ ಮಗಳೇ ಬಂದು ಇರ್ತಾಳೆ."

ಆ ಬಾಡಿಗೆಯವನು ಈಗ ಅವಳ ಕಿವಿಯಲ್ಲಿದ್ದ. ಮೇಸ್ತ್ರಿಯ ಕೈ ಒದ್ದೆಯೆಂದು ಫೋನು ಅವನೇ ಹಿಡಿದಿದ್ದ.

"ಕತ್ತು ನೋಯ್ತಿದೆಯಾ?"

"ನೋಯ್ದೆ ಇರುತ್ತಾ? ಎಲ್ಲಾ ನಿಮ್ಮ ಸ್ನಾನದ ಪುಣ್ಯ."

"ಹಾಗಾದ್ರೆ ಸ್ನಾನ ಬಿಟ್ಟುಬಿಡ್ಲಾ?"

"ಬೇಡಪ್ಪ. ಸೋರೋದನ್ನಾದ್ರೂ ತಡ್ಕೋಬಹುದು."

ಅವನು ನಕ್ಕ. ಆ ನಗು ಫೋನಿನಲ್ಲೂ ಬಂತು, ಸೀಲಿಂಗಿನಿಂದಲೂ ಇಳಿದು ಬಂತು. ಎರಡು ಕಡೆಯಿಂದ ಬಂದ ನಗುವಿನ ನಡುವೆ ಅವಳು ಒಬ್ಬಳೇ ನಿಂತಿದ್ದಳು.

ಅವನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವನು. ಅತ್ತೆಗೆ ಕಿವಿಯ ಮೆಷಿನ್ನು ಕೂರಿಸಿಕೊಟ್ಟವನೂ ಅವನೇ. "ಕಿವಿ ಡಾಕ್ಟ್ರೇ" ಎಂದು ಅತ್ತೆ ಕರೆಯುವಾಗಲೆಲ್ಲ "ನಾನು ಡಾಕ್ಟ್ರಲ್ಲಮ್ಮ" ಎನ್ನುತ್ತಿದ್ದ. ಆ ಮಾತು ಮಾತ್ರ ಅತ್ತೆಗೆ ಮೆಷಿನ್ನಿದ್ದರೂ ಕೇಳಿಸುತ್ತಿರಲಿಲ್ಲ.

ಅವಳಿಗೆ ಅವನ ಶಬ್ದಗಳೆಲ್ಲ ಗೊತ್ತಿದ್ದವು. ಚಪ್ಪಲಿ ಬಿಡುವ ಸದ್ದು, ಕುರ್ಚಿ ಎಳೆಯುವ ಸದ್ದು, ಬೆಳಿಗ್ಗೆ ಬಚ್ಚಲಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದ ಮೇಲೆ ಹಾಡುವ ಹಾಡು. ಊರ ಕಿವಿ ಸರಿಮಾಡುವವನ ಗಂಟಲು ಒಂದು ಸ್ವರಕ್ಕೂ ನಿಲ್ಲುತ್ತಿರಲಿಲ್ಲ. ಆದರೂ ಆ ಹಾಡಾಗದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ.

ಫೋನಿನಲ್ಲಿ ಮೌನ. ಮೇಲೆ ಮೌನ. ಟಾರ್ಚಿನ ಬೆಳಕಿನಲ್ಲಿ ಸೀಲಿಂಗಿನ ಕಂದು ಕಲೆ ಸ್ವಲ್ಪ ಮಿರುಗಿತು. ಬಿರುಕಿನ ಬಾಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಬೀಳಲೋ ಬೇಡವೋ ಎನ್ನುವಂತೆ ತೂಗಾಡಿತು.

ನೀಲಿ.

ಬಣ್ಣದ ಅಂಗಡಿಯಲ್ಲಿ ದಿನವಿಡೀ ಬಣ್ಣ ಬೆರೆಸುವವಳು ಅವಳು. ಯಾವ ನೀಲಿ ಎಂದು ಕೇಳಿದ್ದರೆ ಡಬ್ಬಿಯನ್ನೇ ತೆಗೆದು ಕೈಗೆ ಕೊಡುತ್ತಿದ್ದಳು. ಕಣ್ಣು ಮೋಸ ಹೋಯಿತು ಎಂದು ಹೇಳಿಕೊಳ್ಳುವ ದಾರಿಯೂ ಅವಳಿಗಿರಲಿಲ್ಲ.

"ಇಲ್ಲ," ಎಂದಳು. "ಏನೂ ಇಲ್ಲ."

ತೋಳಿನಿಂದ ಹನಿ ಒರೆಸಿದಳು. 

"ಸರಿ," ಎಂದ ಅವನು ಕೊನೆಗೆ.

ಮೇಸ್ತ್ರಿ ಹೊರಗಿನ ಪೈಪು ಬದಲಿಸಿ, "ಇನ್ನು ನಿಶ್ಚಿಂತೆ" ಎಂದು ಹೇಳಿ ಹೋದ.

ಅವಳಿಗೆ ಮಾತ್ರ ಅಂದಿನಿಂದ ನಿಶ್ಚಿಂತೆಯ ನಿದ್ದೆ ಬರಲಿಲ್ಲ.

ಭಾನುವಾರ ಅಂಗಡಿಯಿಂದ ಪ್ರೈಮರ್ ಡಬ್ಬಿ ತಂದು ತಾನೇ ಸೀಲಿಂಗಿಗೆ ಬಳಿಯಲು ನಿಂತಳು. "ಒದ್ದೆ ಗೋಡೆಗೆ ಬಣ್ಣ ಬಳೀಬೇಡಿ, ಒಳಗಿನ ನೀರು ಒಳಗೇ ಉಳಿಯುತ್ತೆ" ಎಂದು ಗಿರಾಕಿಗಳಿಗೆ ದಿನಾ ಉಪದೇಶ ಮಾಡುವವಳು, ಈಗ ಬ್ರಷ್ಷು ಹಿಡಿದು ಅದನ್ನೇ ಮಾಡುತ್ತಿದ್ದಳು. ಕಲೆ ಮುಚ್ಚಿದರೆ ಸಾಕು. ಯಾರೂ ಮೇಲೆ ನೋಡದಿದ್ದರೆ ಸಾಕು.

"ಸ್ಟೂಲು ಹಿಡ್ಕೊಳ್ಲಾ?" ಬಾಗಿಲಲ್ಲಿ ಅವನು.

"ನಾನೇನು ಬೀಳಲ್ಲ."

"ಸ್ಟೂಲು ಬಿದ್ರೆ ಅಂತ."

ಹಿಡಿದುಕೊಂಡ. ಸ್ಟೂಲನ್ನು ಮಾತ್ರ, ಬಹಳ ಮರ್ಯಾದೆಯಿಂದ, ಅವಳ ಪಾದಕ್ಕೆ ಬೆರಳು ತಾಗದ ಹಾಗೆ. ಅವಳ ಬ್ರಷ್ಷಿನಿಂದ ಒಂದು ತೊಟ್ಟು ಅವನ ಹುಬ್ಬಿನ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಕತ್ತೆತ್ತಿ ನೋಡುತ್ತಲೇ ಇದ್ದ.

"ಚೆನ್ನಾಗಿದೆ."

"ಸೀಲಿಂಗು ತಾನೆ?"

"ಮತ್ತೇನು?" ಎಂದ. ಅವನ ಕಿವಿ ಕೆಂಪಾಯಿತು. ಆಮೇಲೆ ದನಿ ತಗ್ಗಿಸಿ, "ಪೂರ್ತಿ ಒಣಗಿದೆ ಅಲ್ವಾ?" ಎಂದು ಕೇಳಿದ.

"ಒಣಗಿದೆ."

ಎರಡನೇ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು. ಅದೇ ಅವಳನ್ನು ಹೆದರಿಸಿತು.

ಮರುದಿನದಿಂದ ಮೇಲಿನ ಬಚ್ಚಲು ಮೂಕವಾಯಿತು. ನೀರಿನ ಸದ್ದಿಲ್ಲ, ಹಾಡಿಲ್ಲ. ಅವನಿಗೆ ಸಿಟ್ಟು ಬಂತೇ? ಹೊತ್ತಿಗೆ ಮುಂಚೆ ಎದ್ದು ಯಾರ ಮನೆಗೆ ಹೋಗುತ್ತಾನೆ? ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮೆಟ್ಟಿಲಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿಯೇಬಿಟ್ಟಳು.

"ಹಾಡು ನಿಂತುಹೋಯ್ತಲ್ಲ?"

"ಯಾವ ಹಾಡು?" ಎಂದವನ ಮುಖ ಅರ್ಥವಾಗುತ್ತ ಹೋದಂತೆ ಬಣ್ಣಗೆಟ್ಟಿತು. "ಅದು ಕೆಳಗೆ ಕೇಳಿಸ್ತಿತ್ತಾ?"

"ಬಾಗಿಲು ಹಾಕಿದ್ರೂ."

"ಅಯ್ಯೋ ದೇವ್ರೇ." ಅವನು ಕಂಬಿ ಹಿಡಿದುಕೊಂಡ. "ಈಗ ಆಸ್ಪತ್ರೆಯಲ್ಲೇ ಸ್ನಾನ. ಅಲ್ಲಿ ನೀರು ಜೋರಾಗಿ ಬರುತ್ತೆ."

ಹೇಳುವಾಗ ಅವನು ಅವಳ ಕಣ್ಣು ನೋಡಲಿಲ್ಲ. ಅವಳೂ ನೋಡಲಿಲ್ಲ. ಇಬ್ಬರೂ ಮೆಟ್ಟಿಲನ್ನೇ ನೋಡುತ್ತ, ಒಬ್ಬರಿಗೊಬ್ಬರು ದಾರಿ ಬಿಡುತ್ತ, ಹೋಗದೆ ನಿಂತರು.

ಆ ವಾರವೇ ಸೀಲಿಂಗು ಊದಿಕೊಂಡಿತು. ಬಿಳಿ ಬಣ್ಣದ ಕೆಳಗೆ ಏನೋ ಗುಟ್ಟು ಕಚ್ಚಿಕೊಂಡ ಕೆನ್ನೆಯ ಹಾಗೆ. ಪೊರಕೆಯ ಹಿಡಿಯಿಂದ ತಟ್ಟಿ ನೋಡಿದಳು. ಟೊಳ್ಳು ಸದ್ದು. ಅದರ ಕೆಳಗೆ ಸರಿಯಾಗಿ ಅತ್ತೆಯ ದಿಂಬು.

ಮಂಚವನ್ನು ಪಕ್ಕಕ್ಕೆ ಎಳೆದಳು.

"ಏನೇ ಪುಟ್ಟಿ ಇದು?"

"ಅಲ್ಲಿ ಬಿಸಿಲು ಹೊಡೆಯುತ್ತೆ ಅತ್ತೆ."

"ಇಷ್ಟು ವರ್ಷ ಹೊಡೀದೆ ಇರೋ ಬಿಸಿಲು ಈಗ ಯಾರ್ಮೇಲೆ ಸಿಟ್ಟು ಮಾಡ್ಕೊಂಡು ಬಂತು?"

ಸಂಜೆ ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಮಂಚ ಕಿಟಕಿಯ ಪಕ್ಕಕ್ಕೆ, ಅದೇ ಜಾಗಕ್ಕೆ, ವಾಪಸ್ಸಾಗಿತ್ತು. ಅತ್ತೆಯೇ ಪಕ್ಕದ ಮನೆಯವರನ್ನು ಕರೆದು ಎಳೆಸಿಕೊಂಡಿದ್ದರು. ರಾತ್ರಿಯೇನೋ ನೆಪ ಹೇಳಿ ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು, ಹಗಲಿಗೆ ದಾರಿಯಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಿವಿಯ ಮೆಷಿನ್ನು ತೆಗೆದಿಟ್ಟು ಅಲ್ಲಿ ಮಲಗಿದರೆ ಅತ್ತೆಗೆ ಗುಡುಗೂ ಕೇಳಿಸದು. ಗಾರೆ ಬಿರಿಯುವ ಸದ್ದು ಎಲ್ಲಿ ಕೇಳಿಸೀತು?

ಹೇಳಿಬಿಡಬೇಕು. ಬೆಳಿಗ್ಗೆ ಎದ್ದಾಗ ಹೇಳಿಬಿಡಬೇಕೆಂದು ಗಟ್ಟಿಯಾಗುವಳು. ಮೆಟ್ಟಿಲಲ್ಲಿ ಅವನು "ಹೊರಟ್ರಾ?" ಎಂದು ನಕ್ಕರೆ, ಹೇಳಿದ ಮೇಲೆ ಈ ಮೆಟ್ಟಿಲು ಬರೀ ಮೆಟ್ಟಿಲಾಗುತ್ತದೆ ಎನ್ನಿಸಿ ಬಾಯಿ ಕಟ್ಟುತ್ತಿತ್ತು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳಂತೆ ಓಡಾಡಿದಳು. ನಾಳೆ. ನಾಳೆ ಖಂಡಿತ.

ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಗಿರಾಕಿ ಬಂದ. "ಮೇಡಂ, ಮಗು ಮಲಗೋ ರೂಮಲ್ಲಿ ಸೀಲಿಂಗು ಸ್ವಲ್ಪ ಒದ್ದೆ. ಮೇಲೆ ಬಳಿಯೋಕೆ ಏನಾದ್ರೂ ಕೊಡಿ."

ದಿನಾ ಹೇಳುವ ಮಾತು ನಾಲಿಗೆಗೆ ಬಂತು. ಬಂದು ನಿಂತುಕೊಂಡಿತು. ಅವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು ಅತ್ತೆಗೆ ಫೋನು ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಮಲಗಿದ್ದಾರೆ. ಅಷ್ಟೇ. ಮಲಗಿದ್ದಾರೆ.

"ಬಳೀಬೇಡಿ," ಎಂದಳು ಗಿರಾಕಿಗೆ. "ಮೊದ್ಲು ಮಗೂನ ಆ ರೂಮಿಂದ ಆಚೆ ಮಲಗಿಸಿ." ಅಷ್ಟು ಹೇಳಿ ರಸ್ತೆಗೆ ಓಡಿದಳು.

ಬಾಗಿಲು ತೆರೆದಾಗ ಕೋಣೆಯಿಂದ ಬಿಳಿ ಧೂಳು ಬರುತ್ತಿತ್ತು. ಮಂಚದ ಮೇಲೆ, ದಿಂಬಿದ್ದ ಕಡೆ, ಒದ್ದೆ ಗಾರೆಯ ಗುಡ್ಡೆ. ಸೀಲಿಂಗಿನಲ್ಲಿ ಕಂಬಿ ಕಾಣುವಷ್ಟು ದೊಡ್ಡ ಗಾಯ.

"ಅತ್ತೆ!"

ಎರಡು ಕೈಯಲ್ಲೂ ಗಾರೆ ಬಗೆದಳು. ಉಗುರು ಸೀಳಿತು. ಹೊದಿಕೆ ಸಿಕ್ಕಿತು. ಹೊದಿಕೆಯ ಕೆಳಗೆ ಹೊದಿಕೆ. ಅತ್ತೆ ಇರಲಿಲ್ಲ. ಅಡುಗೆಮನೆಯಲ್ಲಿಲ್ಲ, ಬಚ್ಚಲಿನಲ್ಲಿಲ್ಲ. ನಡುಮನೆಗೆ ಬಂದು ನಿಂತಾಗ ಮೇಲಿನಿಂದ ಅತ್ತೆಯ ದೊಡ್ಡ ಗಂಟಲು ಕೇಳಿಸಿತು.

"ಬೀಪ್ ಬಂತು ಕಣಯ್ಯಾ! ಎಷ್ಟು ಸಲ ಬರುತ್ತೆ ಅದು?"

ಅವಳು ಮೆಟ್ಟಿಲು ಹೇಗೆ ಹತ್ತಿದಳೋ. ಅವನ ಕುರ್ಚಿಯಲ್ಲಿ ಅತ್ತೆ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು.

"ಏನೇ ಪುಟ್ಟಿ, ಮೈಯೆಲ್ಲ ಸುಣ್ಣ?"

 ಅವನು ಅವಳ ಕೈ ನೋಡಿದ. ಮುಖ ನೋಡಿದ. "ಬಿತ್ತಾ?" ಎಂದಷ್ಟೇ ಕೇಳಿದ.

ಹಾಗೆ ಕೇಳಿದ ಮೇಲೆ ಅರ್ಥವಾಗಲು ಏನು ಉಳಿದಿತ್ತು?

"ನಿಮಗೆ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ನೀವು ಇಲ್ಲ ಅಂದಾಗಿಂದ." ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದ. "ನನ್ನ ಹತ್ರ ಕೆಲವರು ಬರ್ತಾರೆ. ಕೇಳಿಸಿದ್ರೂ ಕೇಳಿಸಲ್ಲ ಅಂತ ನಟಿಸ್ತಾರೆ. ನಿಜವಾಗಿ ಕೇಳಿಸದೆ ಇರೋರು ಸುಮ್ನೆ ಕೂತಿರ್ತಾರೆ. ನಟಿಸೋರು ಮಾತ್ರ ಶಬ್ದ ಬಂದ ತಕ್ಷಣ 'ಇಲ್ಲ' ಅಂತಾರೆ. ಅವತ್ತು ನಾನು ಏನೂ ಕೇಳೇ ಇರ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ?"

"ನೀವು ಯಾಕೆ ಇಲ್ಲ ಅಂದ್ರಿ?"

ಅವಳು ಸೀಳಿದ ಉಗುರನ್ನು ಬಿಗಿಯಾಗಿ ಒತ್ತಿ ಹಿಡಿದಳು. 

"ನೀರು ಬಿಡದೆ ಇದ್ರೆ ಒಣಗಬಹುದು ಅನ್ಕೊಂಡೆ," ಎಂದ. "ಟೈಲ್ಸ್ ಕೆಳಗೆ ಮೊದಲೇ ನಿಂತಿರೋ ನೀರಿನ ಯೋಚನೆ ಬರ್ಲಿಲ್ಲ. ಅಮ್ಮನ ಮೆಷಿನ್ನು ನೋಡೋಕೆ ಬಂದಾಗ ಸೀಲಿಂಗು ಊದಿರೋದು ಕಂಡು ಭಯ ಆಯ್ತು. ದಿನಾ ಮಧ್ಯಾಹ್ನ ಊಟದ ಬಿಡುವಲ್ಲಿ ಬಂದು, ಪರೀಕ್ಷೆ ಅಂತ ಸುಳ್ಳು ಹೇಳಿ ಅಮ್ಮನ್ನ ಇಲ್ಲಿಗೆ ಕರ್ಕೊಂಡ್ ಬರ್ತಿದ್ದೆ. ನಿಮ್ಮ ಹತ್ರ ಹೇಳ್ಬೇಕಿತ್ತು. ಹೇಳಿದ್ರೆ ಹೋಗ್ಬೇಕಿತ್ತು."

ಅತ್ತೆ ನಿಧಾನಕ್ಕೆ ಹೆಡ್‌ಫೋನು ತೆಗೆದರು. ಮೆಷಿನ್ನು ಕಿವಿಗೇರಿಸಿಕೊಂಡರು.

"ಸೀಲಿಂಗಿನ ಸುಣ್ಣ ಅಲ್ವೇನೇ ಅದು? ಬಿತ್ತಾ? ನಾನು ಮಲಗೋ ಕಡೆ?"

"ಹೂಂ ಅತ್ತೆ." ಅವಳು ಅತ್ತೆಯ ಮುಂದೆ ಕುಸಿದು ಕೂತಳು. "ನನಗೆ ಗೊತ್ತಿತ್ತು. ನಾನೇ ಬಣ್ಣ ಬಳಿದು ಮುಚ್ಚಿದ್ದು."

"ಇವನಿಗೂ ಗೊತ್ತಿತ್ತು?"

"ಗೊತ್ತಿತ್ತಮ್ಮ."

ಅತ್ತೆ ಇಬ್ಬರನ್ನೂ ನೋಡಿದರು. ಕಾಫಿ ಲೋಟ ಪಕ್ಕಕ್ಕಿಟ್ಟರು. "ಪ್ರೀತಿ ಮಾಡಿದವ್ರು ಮನೆ ಬಿಟ್ಟು ಓಡಿಹೋಗ್ತಾರೆ ಅಂತ ಕೇಳಿದ್ದೆ," ಎಂದರು. "ಮನೆಯನ್ನೇ ಬೀಳಿಸ್ತಾರೆ ಅಂತ ಕೇಳಿರ್ಲಿಲ್ಲ. ನನ್ನ ತಲೆ ಏನು ನಿಮಗೆ ಬಿಟ್ಟಿ ಬಿದ್ದಿತ್ತಾ?"

ಅವಳು ಅತ್ತೆಯ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಅತ್ತೆ ತಲೆ ಸವರಲಿಲ್ಲ, ದೂಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸಾಕು, ಸೀರೆಗೆಲ್ಲ ಸುಣ್ಣ ಆಯ್ತು," ಎಂದರು.

ಅವಳು ಕಣ್ಣೊರೆಸಿಕೊಂಡು ಫೋನು ತೆಗೆದಳು.

"ನಾನು ಮಾಡ್ತೀನಿ," ಅವನು ಕೈ ಚಾಚಿದ.

"ಬೇಡ. ಕಂಡಿದ್ದು ನಾನು."

ಓನರ್ ಫೋನೆತ್ತಿದ. ಅವಳು ಎದುರಿಗಿದ್ದವನನ್ನೇ ನೋಡುತ್ತ ಮಾತಾಡಿದಳು, ಒಂದೊಂದು ಮಾತಿಗೂ ಅವನು ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಾನೆ ಎನ್ನಿಸುತ್ತಿದ್ದರೂ. "ನೀಲಿ ಬಂದಿತ್ತು. ನಾನೇ ಒರೆಸಿದೆ. ನೆಲವೇ ಸೋರ್ತಿರೋದು. ಹೌದು, ಸುಳ್ಳು ಹೇಳಿದ್ದೆ." ಆ ಕಡೆಯ ಬೈಗುಳವನ್ನೆಲ್ಲ ತಡೆಯದೆ ಕೇಳಿಸಿಕೊಂಡಳು.

ತಿಂಗಳು ಮುಗಿಯುವುದರೊಳಗೆ ಮೇಲಿನ ಮನೆ ಖಾಲಿ ಆಗಬೇಕೆಂದಾಯಿತು. ಮೇಸ್ತ್ರಿ ಬಂದು ಉಳಿದ ಗಾರೆ ಕೆರೆದು, ಬೈದು, ಸೀಲಿಂಗಿಗೆ ಆಸರೆ ಕೊಟ್ಟುಹೋದ. ಅತ್ತೆ ನಡುಮನೆಯಲ್ಲಿ ಮಲಗಿದರು. ಅವನು ರಜೆಯ ದಿನವೆಲ್ಲ ಮನೆ ಹುಡುಕಿದ. ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ಹುಷಾರಾಗಿ ಮಾತಾಡುತ್ತಿದ್ದರು, ಹಸಿ ಗೋಡೆ ಮುಟ್ಟುವವರ ಹಾಗೆ.

ಒಂದು ಸಂಜೆ ಅವನು ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಒಂದು ಮನೆ ನೋಡಿದೀನಿ. ಆಸ್ಪತ್ರೆಗೂ ಹತ್ರ, ನಿಮ್ಮ ಅಂಗಡಿಗೂ ಹತ್ರ."

"ನನ್ನ ಅಂಗಡಿ ಯಾಕೆ ಬಂತು?" 

"ಬ್ರೋಕರ್ ಒಂದು ಪ್ರಶ್ನೆ ಕೇಳಿದ. ಉತ್ತರ ಗೊತ್ತಾಗ್ಲಿಲ್ಲ. ನಾಳೆ ಹೇಳ್ತೀನಿ ಅಂತ ಬಂದೆ."

"ಏನು ಕೇಳಿದ?"

"ಇರೋರು ಎಷ್ಟು ಜನ, ಅಂತ."

 ಅವಳಿಗೆ ಇಷ್ಟು ದಿನದ ಭಯವೆಲ್ಲ ಒಂದೇ ಕಡೆ ಬಂದು ನಿಂತಂತಾಯಿತು. ಅತ್ತೆಯ ಕಡೆ ತಿರುಗಿದಳು. ಅತ್ತೆ ಗೋಡೆ ನೋಡುತ್ತ, ಕೇಳಿಸದವರ ನಟನೆಯನ್ನು ಬಹಳ ಕೆಟ್ಟದಾಗಿ ಮಾಡುತ್ತಿದ್ದರು.

"ಮೂರು ಅನ್ನಿ," ಎಂದಳು.

ಅವನ ಮುಖ ಹೇಗಾಯಿತೆಂದು ಅವಳು ನೋಡುವಷ್ಟರಲ್ಲಿ ಒಳಗಿನಿಂದ ಅತ್ತೆಯ ಗಂಟಲು ಬಂತು.

"ಮೊದ್ಲು ಹೋಗಿ ಸೀಲಿಂಗು ನೋಡ್ಕೊಂಡ್ ಬರೋಣ. ನಾನೇ ಬರ್ತೀನಿ. ನಿಮ್ಮಿಬ್ಬರ ಮಾತು ನಂಬಿ ನಾನು ಇನ್ನೊಂದ್ಸಲ ಮಲಗಲ್ಲ."