ಕೆಂಚಿಯ ಎಡಗಾಲು

"ಯಾರ್ರೀ ಅದು? ಮೊದಲು ಅವಳ ಕಾಲು ಬಿಡಿ!"

ಲಾಯದ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಅಕ್ಕಪಕ್ಕದ ಕುದುರೆಗಳೆಲ್ಲ ಕಿವಿ ನಿಮಿರಿಸಿದವು. ಒಳಗೆ ಹುಲ್ಲಿನ ಮೇಲೆ ಮಂಡಿಯೂರಿದ್ದವನು ಮಾತ್ರ ತಲೆ ಎತ್ತಲಿಲ್ಲ. ಕೆಂಚಿಯ ಎಡ ಮುಂಗಾಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಮಗುವಿನ ಜ್ವರ ನೋಡುವವನ ಹಾಗೆ ಕೂತಿದ್ದ.

"ಪರಿಚಯ ಮಾಡ್ಕೋತಿದೀನಿ. ಮುಖ ನೋಡಿದ್ರೆ ಕುದುರೆ ಅರ್ಥ ಆಗಲ್ಲ ಮೇಡಂ."

"ನೀವು...?"

"ಹೊಸ ಜಾಕಿ. ನಿಮ್ಮಪ್ಪ ಕರೆಸಿದಾರೆ."

ಅವಳು ಟ್ರೇನರ್‌ನ ಒಬ್ಬಳೇ ಮಗಳು. ತಾಯಿಯಿಲ್ಲದ ಅವಳನ್ನು ಅಪ್ಪ ಜೀನು, ಲಗಾಮುಗಳ ನಡುವೆಯೇ ಬೆಳೆಸಿದ್ದ. ಕೆಂಚಿ ಹುಟ್ಟಿದ ದಿನ ಒದ್ದೆ ಮೈಯನ್ನು ಒರೆಸಿದವಳು ಅವಳೇ. ಬೆಳಗಿನ ಓಟದ ಅಭ್ಯಾಸವನ್ನೂ ಅವಳೇ ಮಾಡಿಸುತ್ತಿದ್ದಳು. ಈಗ ಪಕ್ಕದ ಕುದುರೆಯ ಮೇಲೆ ಅವನೂ ಬರತೊಡಗಿದ.

ಮಾತು ಕಡಿಮೆ. ಲಾಯದವರು ಅವನಿಗೆ ಮೌನಿ ಎಂದೇ ಹೆಸರಿಟ್ಟರು. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಮೌನವೇ ಅವಳಿಗೆ ಅಭ್ಯಾಸವಾಗಿ ಹೋಯಿತು.

"ಈ ಸೀಸನ್ ಮುಗೀಲಿ. ನಿಮ್ಮಪ್ಪನ ಹತ್ರ ಮಾತಾಡ್ತೀನಿ," ಎಂದ ಒಂದು ಬೆಳಿಗ್ಗೆ.

"ಯಾವ ಕುದುರೆ ಬಗ್ಗೆ?"

"ಕುದುರೆ ಬಗ್ಗೆ ಅಲ್ಲ..."

ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ಅವರಿಬ್ಬರ ಸುಖದ ದಿನಗಳು ಅಲ್ಲಿಗೇ ಮುಗಿದವು ಎಂದು ಅವಳಿಗೇನು ಗೊತ್ತು!

ಸೀಸನ್ನಿನ ದೊಡ್ಡ ಕಪ್ ರೇಸ್. ಕೊನೆಯ ತಿರುವಿನಲ್ಲಿ ಮೌನಿಯನ್ನು ಹೊತ್ತ ಕೆಂಚಿಯೇ ಮುಂದಿದ್ದಳು. ಗ್ಯಾಲರಿಯಲ್ಲಿ ಮಗಳು ಅಪ್ಪನ ಕೈ ಹಿಡಿದು ಕುಣಿಯುತ್ತಿದ್ದಳು.

ಇದ್ದಕ್ಕಿದ್ದಂತೆ ಅವನು ಲಗಾಮು ಎಳೆದ!

ಕೆಂಚಿಯ ವೇಗ ಕುಗ್ಗಿತು. ಒಂದೊಂದಾಗಿ ಎಲ್ಲ ಕುದುರೆಗಳೂ ದಾಟಿ ಹೋದವು. "ಮಾರ್ಕೊಂಡ! ರೇಸ್ ಮಾರ್ಕೊಂಡ!" ಎಂದು ಜನ ಬೊಬ್ಬೆ ಹಾಕಿದರು. ಅಪ್ಪನ ಕೈ ಅವಳ ಕೈಯಲ್ಲಿ ತಣ್ಣಗಾಯಿತು.

ಮರುದಿನ ವಿಚಾರಣೆ. ಓಟ ಮುಗಿದ ಕೂಡಲೇ ಕುದುರೆಗಳ ಡಾಕ್ಟರಮ್ಮ ಕೆಂಚಿಯ ಕಾಲು ಒತ್ತಿ ನೋಡಿದ್ದರು, ಅದು ನೋವಿಗೆ ಮಿಸುಕಿರಲಿಲ್ಲ. ರೇಸ್ ಸಮಿತಿಯ ಹಿರಿಯರು ಮೊದಲು ಟ್ರೇನರ್ ಮಗಳನ್ನೇ ಕೇಳಿದರು.

"ದಿನಾ ಓಡಿಸೋರು ನೀವು. ಕಾಲಿಗೆ ಏನಾದರೂ ತೊಂದರೆ ಇತ್ತಾ?"

"ಏನೂ ಇರಲಿಲ್ಲ. ಇವರು ಬೇಕಂತಲೇ ಎಳೆದರು," ಎಂದಳು ಅವಳು, ಎದ್ದು ನಿಂತು.

ಅವನು ಒಮ್ಮೆ ಅವಳತ್ತ ನೋಡಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ನಾನು ಹೇಳೋದೇನೂ ಇಲ್ಲ," ಎಂದಷ್ಟೇ ಹೇಳಿದ. ಎರಡು ವರ್ಷ ಲೈಸೆನ್ಸ್ ರದ್ದಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವಳು ಅಡ್ಡ ನಿಂತಳು. "ನನ್ನ ಜೊತೆ ಇದ್ದದ್ದೂ ನಾಟಕವೇನಾ?"

"ಕೆಂಚೀನ ಇನ್ನು ಓಡಿಸ್ಬೇಡಿ... ದಮ್ಮಯ್ಯ ಅಂತೀನಿ."

ಅವಳು ಬೆನ್ನು ತಿರುಗಿಸಿ ನಡೆದಳು.

ಮೂರು ವಾರದ ನಂತರ ಕೆಂಚಿ ಇನ್ನೊಬ್ಬ ಜಾಕಿಯನ್ನು ಹೊತ್ತು ಟ್ರ್ಯಾಕಿಗಿಳಿದಳು. ಕುದುರೆಯ ಹಣೆಗೆ ಮುತ್ತಿಟ್ಟು ಕಳಿಸಿದವಳು ಅವಳೇ. ಕೊನೆಯ ತಿರುವಿನಲ್ಲಿ ಟೊಂಗೆ ಮುರಿದಂಥ ಸದ್ದು... ಎಡ ಮುಂಗಾಲು ಮುರಿದಿತ್ತು. ಜನ ನೋಡದಂತೆ ಸುತ್ತ ಪರದೆ ಹಿಡಿದರು. ಕೆಂಚಿಯ ತಲೆ ಅವಳ ತೊಡೆಯ ಮೇಲಿರುವಾಗಲೇ ಡಾಕ್ಟರಮ್ಮ ಕೊನೆಯ ಇಂಜೆಕ್ಷನ್ ಕೊಟ್ಟರು.

"ಇದು ಹಳೇ ಬಿರುಕಮ್ಮ," ಎಂದರು ಆಮೇಲೆ ನಲ್ಲಿಯಲ್ಲಿ ಕೈ ತೊಳೆಯುತ್ತ. "ಕೂದಲು ಸರಿಸಿ ನೋಡಿದೆ. ಸೂಜಿ ಗುರುತುಗಳಿವೆ. ನೋವು ಗೊತ್ತಾಗದ ಹಾಗೆ ಕಾಲು ಮರಗಟ್ಟಿಸಿ ಓಡಿಸಿದಾರೆ, ಕಪ್ ರೇಸಿನ ದಿನವೂ ಅಷ್ಟೇ ಇರಬೇಕು. ಒತ್ತಿದಾಗ ಮಿಸುಕದೇ ಇದ್ದದ್ದು ಅದಕ್ಕೇ. ಆ ಹುಡುಗ ಎಳೀದೇ ಇದ್ದಿದ್ರೆ ಇಬ್ಬರೂ ಅವತ್ತೇ ಹೋಗ್ತಿದ್ರು."

ಅವಳು ಅಪ್ಪನನ್ನು ಹುಡುಕಿ ಹೋದಳು.

ಅಪ್ಪ ಲಾಯದ ಮುಂದಿನ ಬೆಂಚಿನ ಮೇಲೆ ಕೂತಿದ್ದ.

"ನೀನೇನಾ ಅಪ್ಪಾ?"

"ಒಂದೇ ಒಂದು ಸಲ ಆ ಕಪ್ ಬೇಕಿತ್ತು ಮಗಳೇ. ಮೂವತ್ತು ವರ್ಷ ಬೇರೆಯವರು ಗೆದ್ದಾಗ ಚಪ್ಪಾಳೆ ತಟ್ಟಿದೀನಿ..."

"ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲ!"

"ನಿನಗೆ ಗೊತ್ತಿರಲಿಲ್ಲ. ಅದು ಸುಳ್ಳಾಗಲ್ಲ."

ಆ ಸಮಾಧಾನದ ಮಾತೇ ಅವಳನ್ನು ಹೆಚ್ಚು ಸುಟ್ಟಿತು.

ಮರುದಿನ ಅವಳೇ ಸಮಿತಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದಳು. ಅಪ್ಪನ ಲೈಸೆನ್ಸ್ ಶಾಶ್ವತವಾಗಿ ಹೋಯಿತು. ಮೌನಿಯ ಶಿಕ್ಷೆ ರದ್ದಾಯಿತು. "ಹೆತ್ತಪ್ಪನ ಮೇಲೇ ಸಾಕ್ಷಿ ಹೇಳಿದವಳು!" ಎಂದು ಸೋದರತ್ತೆ ಛೀಮಾರಿ ಹಾಕಿ, ಅಪ್ಪನನ್ನು ತನ್ನ ಮನೆಗೆ ಕರೆದೊಯ್ದಳು. ಅಪ್ಪ ಹೊರಡುವಾಗ ಮಗಳತ್ತ ತಿರುಗಿಯೂ ನೋಡಲಿಲ್ಲ.

ತಿಂಗಳಾದರೂ ಮೌನಿ ಟ್ರ್ಯಾಕಿಗೆ ಬರಲಿಲ್ಲ. ಹುಡುಕಿ ಹೋದಾಗ ಅವನು ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಮಂಜುಗಡ್ಡೆಗಳನ್ನು ಗಾಡಿಗೆ ಏರಿಸುತ್ತಿದ್ದ. ಲಗಾಮು ಹಿಡಿದ ಕೈಗಳು ಬಿರುಕು ಬಿಟ್ಟು ಊದಿದ್ದವು.

"ಲೈಸೆನ್ಸ್ ವಾಪಸ್ ಬಂತಲ್ಲ. ಯಾಕೆ ಬರಲಿಲ್ಲ?"

"ಬಂದು?" ಅವನು ಗಡ್ಡೆ ಇಳಿಸಿದ. "ಕೆಂಚಿ ಸುದ್ದಿ ಪೇಪರಲ್ಲಿ ಓದಿದೆ. ಎರಡೇ ಸಾಲು ಹಾಕಿದ್ರು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ರೇಸಿಗೆ ಮುಂಚೆ ನಿಮ್ಮಪ್ಪನ ಕೈಲಿ ಸೂಜಿ ನೋಡಿದೆ. ಓಡಿಸಲ್ಲ ಅಂದೆ. 'ನೀನಲ್ದಿದ್ರೆ ಇನ್ನೊಬ್ಬ' ಅಂದ್ರು. ಇನ್ನೊಬ್ಬ ಆದ್ರೆ ಚಾವಟಿ ಬೀಸ್ತಾನೆ... ಅದಕ್ಕೇ ನಾನೇ ಹತ್ತಿದೆ. ಕೊನೇ ತಿರುವಲ್ಲಿ ಅವಳ ಹೆಜ್ಜೆ ತಪ್ಪಿದ್ದು ಗೊತ್ತಾಯ್ತು, ಎಳೆದೆ. ವಿಚಾರಣೇಲಿ ಎಲ್ಲಾ ಹೇಳ್ಬೇಕು ಅಂತಲೇ ಬಂದಿದ್ದೆ. ಅಷ್ಟರಲ್ಲಿ ನೀನು ಎದ್ದು ನಿಂತೆ. ನಿನಗೂ ಗೊತ್ತಿದೆ ಅಂದ್ಕೊಂಡೆ. ಬಾಯಿ ಬಿಟ್ಟರೆ ನೀನೂ ಸಿಕ್ಕಿಬೀಳ್ತೀಯಲ್ಲ..."

ಅವಳು ಅವನನ್ನು ಕಳ್ಳನೆಂದುಕೊಂಡು ಕೈಬಿಟ್ಟಿದ್ದಳು. ಅವನು ಅವಳನ್ನು ಪಾಪಿಯೆಂದುಕೊಂಡೂ ಕಾಪಾಡಿದ್ದ!

"ಕ್ಷಮಿಸಿ ಅಂತ ಕೇಳೋ ಮುಖ ಇಲ್ಲ ನನಗೆ."

"ಕೇಳ್ಬೇಡ. ಸಿಟ್ಟಿದೆ... ತುಂಬಾ ಇದೆ. ವಿಚಾರಣೇಲಿ ನೀನಾಡಿದ ಮಾತು ದಿನಾ ಕಿವೀಲಿ ಕೇಳುತ್ತೆ." ಅವನು ಕೈ ಒರೆಸಿಕೊಂಡ. "ನಿನ್ನ ನೆನಪೂ ದಿನಾ ಬರುತ್ತೆ. ಎರಡನ್ನೂ ಬೇರೆ ಮಾಡೋಕೆ ನೋಡಿದೆ, ಆಗಲಿಲ್ಲ."

ಅವಳು ಆ ಊದಿದ ಕೈಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಊಟ ಆಯ್ತಾ?" ಎಂದ ಅವನು.

"ಒಬ್ಬಳಿಗೇ ಅಂತ ಒಲೆ ಹಚ್ಚೋಕೆ ಮನಸ್ಸಾಗಲ್ಲ."

"ನಡಿ, ಏನಾದ್ರೂ ತಿನ್ನೋಣ. ಜಗಳ ಆಡೋದು ಬೇಕಾದಷ್ಟಿದೆ."

"ಎಷ್ಟು ದಿನ ಆಡ್ತೀರ?"

"ನೀನು ಎಷ್ಟು ದಿನ ಇರ್ತೀಯ?"

"ಜಗಳ ಮುಗಿಯೋವರೆಗೂ..."

"ಹಾಗಾದ್ರೆ ಬೇಗ ಮುಗಿಸಲ್ಲ ಬಿಡು."