ಕಣ್ಣು ಮುಚ್ಚಿದ ಹೊತ್ತು

"ಏನ್ರೀ, ನಮ್ಮಮ್ಮನ ಕೈ ಹಿಡ್ಕೊಂಡು ಏನದು ಗುಣುಗುಣು?"

ನರ್ಸ್ ಬೆಚ್ಚಿ ಕಣ್ಣು ಬಿಟ್ಟಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ಅಂಗಿಯ ತುಂಬ ಗ್ರೀಸ್, ಮುಖದ ತುಂಬ ಸಿಡುಕು. ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಆಸ್ಪತ್ರೆ ಅದು. ಕಿಟಕಿ ಪಕ್ಕದ ಹಾಸಿಗೆಯ ಅಮ್ಮನಿಗೆ ಇವನೊಬ್ಬನೇ ಮಗ. ಲಿಫ್ಟ್ ರಿಪೇರಿ ಮಾಡುವವನು. ಅಂದು ಕೆಲಸ ಬೇಗ ಮುಗಿದು ಬಂದಿದ್ದ.

"ಪ್ರಾರ್ಥನೆ ಮಾಡ್ತಿದ್ದೆ. ಅಮ್ಮನೇ ಕೇಳಿದ್ರು."

"ಕಣ್ಣು ಮುಚ್ಕೊಂಡಾ? ನಮ್ಮ ಕೆಲಸದಲ್ಲಿ ಹಾಗೆ ಮಾಡಿದ್ರೆ ಬೆರಳೇ ಹೋಗುತ್ತೆ."

ಸಿಟ್ಟು ಬರಬೇಕಿತ್ತು. ಎಲ್ಲಿತ್ತೋ ಹಾಳು ನಗು... ಅದೇ ಬಂತು!

ಆಮೇಲೆ ದಿನಾ ಸಂಜೆ ಹೀಗೇ. ಅವಳು ಅಮ್ಮನ ಬಾಯಿಗೆ ನೋವಿನ ಮಾತ್ರೆ ಹಾಕಿ, ನೀರು ಕುಡಿಸಿ, ಕೈ ಹಿಡಿದು ಕಣ್ಣು ಮುಚ್ಚುವಳು. ಸ್ವಲ್ಪ ಹೊತ್ತಿಗೆ ಅವನು ಬಂದು ಸ್ಟೂಲ್ ಎಳೆದು ಕೂರುವನು.

"ಎಲ್ಲರೂ ನಿನ್ನನ್ನ ಸಿಸ್ಟರ್ ಅಂತಾರೆ," ಎಂದಳು ಪಕ್ಕದ ಹಾಸಿಗೆಯ ಅಜ್ಜಿ. "ಇವನೊಬ್ಬ ಮಾತ್ರ ಬಾಯ್ತಪ್ಪಿಯೂ ಅನ್ನಲ್ಲ. ಗಮನಿಸಿದ್ಯಾ?"

"ಸುಮ್ನಿರಿ ಅಜ್ಜಿ," ಎಂದಳು ಅವಳು. ಕಿವಿ ಬಿಸಿಯಾಗಿತ್ತು. ಗಮನಿಸದೆ ಇರುತ್ತಾಳೆಯೇ ಪಾಪ!

ಅಮ್ಮ ತೀರಿಕೊಂಡ ಬೆಳಿಗ್ಗೆ ಅವನು ದಿಂಬಿನ ಚೀಲ ತೆಗೆದ. ಒಳಗಿನಿಂದ ಬಿಳಿ ಮಾತ್ರೆಗಳು ನೆಲಕ್ಕೆ ಉದುರಿದವು.

ಅವನು ಒಂದನ್ನು ಹೆಕ್ಕಿ ಅವಳ ಮುಂದೆ ಹಿಡಿದ.

"ಯೇಸುನೂ ನೋವು ತಿಂದಿದ್ದಾನೆ ಅಂತ ನಮ್ಮಮ್ಮನಿಗೆ ಹೇಳಿದ್ದು ನೀವೇ ತಾನೆ? ಪ್ರಾರ್ಥನೆ ಸಾಕು, ಮಾತ್ರೆ ಬೇಡ ಅನ್ನಿಸಿಬಿಟ್ರಿ. ಹಲ್ಲು ಕಚ್ಚಿಕೊಂಡು ಸತ್ತಳು ನಮ್ಮಮ್ಮ... ಸಿಸ್ಟರ್."

ಅವನ ಬಾಯಲ್ಲಿ ಮೊದಲ ಸಲ ಆ ಮಾತು! ಅವಳ ಎದೆ ಒಡೆದೇ ಹೋಯಿತು.

ಯೇಸುವಿನ ನೋವಿನ ಮಾತು ಹೇಳಿದ್ದು ನಿಜ. ನೀವು ಒಂಟಿಯಲ್ಲ ಎಂದು ಸಮಾಧಾನ ಮಾಡಲು ಹೇಳಿದ್ದು. ಅಮ್ಮ ಬೇರೇನೋ ತಿಳಿದುಕೊಂಡರೇ? ನನ್ನ ಮಾತು ನಂಬಿಯೇ ಅಷ್ಟು ನರಳಿದರೇ? ದೇವರೇ...

ದೇವರೇ ಎಂದ ಮೇಲೆ ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಅಂದಿನಿಂದ ಯಾರಾದರೂ ಪ್ರಾರ್ಥನೆ ಮಾಡಮ್ಮ ಎಂದರೆ ಹೊದಿಕೆ ಸರಿಮಾಡಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು.

"ದೇವರ ಜೊತೆ ಟೂ ಬಿಟ್ಟಿದ್ದೀಯೇನೇ?" ಎಂದಳು ಅಜ್ಜಿ.

ಅವಳು ಎಲ್ಲ ಹೇಳಿಕೊಂಡು ಅತ್ತಳು. ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಯಾರಿಗೂ ಹೇಳಬೇಡ ಅಂತ ಅವನಮ್ಮ ನನ್ನ ಹತ್ರ ಮಾತು ತಗೊಂಡಿದ್ದಳು ಕಣಮ್ಮ. ನೀನು ಕಣ್ಣು ಮುಚ್ಚಿದ ಕೂಡಲೇ ಬಾಯಿಂದ ಮಾತ್ರೆ ತೆಗೆದು ದಿಂಬಿಗೆ ಸೇರಿಸ್ತಿದ್ದಳು. ನುಂಗಿದ್ರೆ ನಿದ್ದೆ ಬರುತ್ತೆ, ಮಗ ಬಂದಾಗ ಎಚ್ಚರ ಇರಬೇಕು ಅಂತಿದ್ದಳು."

ನಿರಾಳ ಆಗಬೇಕಿತ್ತು. ಆಗಲಿಲ್ಲ. ಇದನ್ನು ಕೇಳಿದರೆ ಅವನು ಬದುಕುತ್ತಾನೆಯೇ? ಬೇಡ... ನನ್ನನ್ನೇ ಬೈದುಕೊಂಡಿರಲಿ.

ಅಮ್ಮನ ಕನ್ನಡಕ, ಶಾಲು ಒಯ್ಯಲು ಅವನು ಬಂದ. ಮುಖ ಎತ್ತಲಿಲ್ಲ.

"ತಪ್ಪು ನನ್ನದೇ," ಎಂದಳು ಅವಳು. "ನುಂಗಿದ್ರಾ ಅಂತ ಬಾಯಿ ನೋಡಬೇಕಿತ್ತು. ಕಣ್ಣು ಮುಚ್ಕೊಂಡೆ. ಆದ್ರೆ ಮಾತ್ರೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ."

"ಮತ್ತೆ ಅಮ್ಮ ಯಾಕೆ ಬಚ್ಚಿಟ್ಟಳು?"

ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯಿತು. ಆದರೆ ಅಮ್ಮನ ಕೈ ಹಿಡಿದಿದ್ದ ಕೈ ಇದು, ಅವರ ಮಗನಿಗೆ ಸುಳ್ಳು ಹೇಳುವುದು ಹೇಗೆ?

"ನುಂಗಿದ್ರೆ... ನೀವು ಬರೋಷ್ಟರಲ್ಲಿ ನಿದ್ದೆ ಹೋಗಿಬಿಡ್ತಿದ್ರಂತೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಖಾಲಿ ಹಾಸಿಗೆಯ ಮೇಲೆ ಕುಸಿದು ಕೂತ. ಶಾಲನ್ನು ಮುಖಕ್ಕೆ ಒತ್ತಿಕೊಂಡು ಅತ್ತ.

"ನನ್ನ ನೋಡೋಕೆ ಎಚ್ಚರ ಇದ್ದಳು," ಎಂದ ಕೊನೆಗೆ. "ನಾನು ಅವಳನ್ನ ನೋಡ್ಲೇ ಇಲ್ಲ ಕಣ್ರೀ. ಇಲ್ಲಿ ಕೂತು ದಿನಾ ನಿಮ್ಮನ್ನೇ ನೋಡ್ತಿದ್ದೆ."

ಎಷ್ಟು ಸಂಜೆ ಈ ಮಾತಿಗಾಗಿ ಕಾದಿದ್ದಳು! ಬಂತು, ಹೀಗೆ ಬಂತು... ಅವಳು ಪಕ್ಕದಲ್ಲಿ ಕೂತಳು. ಸಮಾಧಾನಕ್ಕೆ ಬೈಬಲಿನ ಒಂದು ವಾಕ್ಯವೂ ನೆನಪಾಗಲಿಲ್ಲ.

"ನಾನೂ ನಿಮ್ಮ ದಾರಿ ಕಾಯ್ತಿದ್ದೆ," ಎಂದಳು. ಹೇಳಲು ಆದದ್ದು ಅಷ್ಟೇ.

"ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತೀರಾ? ನನಗೆ ಬರಲ್ಲ."

"ನನಗೂ ಈಗ ಬರ್ತಿಲ್ಲ. ಕಣ್ಣು ಮುಚ್ಚೋಕೆ ಭಯ ಆಗುತ್ತೆ."

ಗ್ರೀಸ್ ಮೆತ್ತಿದ ಕೈ ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡಿತು.

"ನೀವು ಮುಚ್ಕೊಳ್ಳಿ," ಎಂದ. "ನಾನು ನೋಡ್ಕೋತಿರ್ತೀನಿ."