ಭಾನುವಾರದ ನೀರು

ಭೂಮಿಯ ಮೇಲಿನ ಯಾವ ದೇಶದ ಮದುವೆ ಪದ್ಧತಿ ಬೇಕಾದರೂ ಕೇಳಿ, ರಾಜಾಜಿನಗರದಲ್ಲಿ ನಮ್ಮ ಅಡ್ಡರಸ್ತೆಯ ಹೆಂಗಸರು ನಿಂತಲ್ಲೇ ಹೇಳಿಬಿಡುತ್ತಾರೆ. ಸರಿ, ಇದರಲ್ಲಿ ಅರ್ಧ ಸುಳ್ಳು. ಅವರಿಗೆ ಗೊತ್ತಿರುವುದು ಎರಡೇ ದೇಶದ್ದು. ಒಂದು ನಮ್ಮದು, ಇನ್ನೊಂದು ಫಿಲಿಪೀನ್ಸಿನದು. ಆ ಎರಡನೆಯದನ್ನು ಕಲಿಯುವಷ್ಟರಲ್ಲಿ ಕೋಕಿಲಾಳ ಎದೆ ಸಾವಿರ ಸಲ ಧಸಕ್ಕೆಂದಿತ್ತು. ಸಾವಿರ ಇಲ್ಲದಿದ್ದರೂ ಒಂದಿಪ್ಪತ್ತಂತೂ ಖಂಡಿತ.

ಅದು ಎಂಬತ್ತೈದನೇ ಇಸವಿ. ಕೋಕಿಲಾ ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದಳು. ಅಪ್ಪ ನಾರಾಯಣಪ್ಪ ಮಿಲ್ಲಿನಲ್ಲಿ ಸೂಪರ್‌ವೈಸರ್, ಮೀಸೆಯೇ ಅರ್ಧ ಮನುಷ್ಯ. ಅಮ್ಮ ಇಂದ್ರಮ್ಮ. ಮಹಡಿ ಮೇಲಿನ ಎರಡು ಕೋಣೆಗೆ ಮನಿಲಾದಿಂದ ಬಂದ ಸಂಸಾರವೊಂದು ಬಾಡಿಗೆಗಿತ್ತು. ಗಂಡ ಎರ್ನೆಸ್ಟೊ, ಯಶವಂತಪುರದ ಕಡೆಯ ಯಾವುದೋ ಫ್ಯಾಕ್ಟರಿಗೆ ಎರಡು ವರ್ಷದ ಮಟ್ಟಿಗೆ ಬಂದ ಎಂಜಿನಿಯರ್. ಹೆಂಡತಿ ಲೂರ್ದೆಸ್. ಬೀದಿಯವರು ಒಂದೇ ವಾರದಲ್ಲಿ ಅವಳನ್ನು ಲೂರ್ದಮ್ಮ ಮಾಡಿಕೊಂಡರು.

ಅಂಥ ಐದು ಸಂಸಾರ ಊರಿನಲ್ಲಿದ್ದವು. ಅವರಿಗೆಂದು ಫ್ಯಾಕ್ಟರಿಯವರು ವಾರಕ್ಕೊಂದು ಇಂಗ್ಲಿಷ್ ಹಾಳೆ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದರು. 'ಫಿಲಿಪಿನೋ ಕುಟುಂಬಗಳಿಗೆ ಮಾಹಿತಿ' ಎಂದು ತಲೆಬರಹ. ನೀರು ಯಾವಾಗ, ಹಾಲಿನ ಟೋಕನ್ ಎಲ್ಲಿ, ಗ್ಯಾಸ್ ಬುಕ್ ಮಾಡುವುದು ಹೇಗೆ, ಅಕ್ಕಿಯಲ್ಲಿ ಕಲ್ಲು ಆರಿಸುವುದು ಹೇಗೆ, ಎಲ್ಲವೂ ಅದರಲ್ಲಿ. ಲೂರ್ದಮ್ಮ ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದಳು. ಕೋಕಿಲಾ ಓದಿ ಬೆಚ್ಚಿಬಿದ್ದಳು. ಹನ್ನೆರಡು ವಿಷಯದಲ್ಲಿ ಒಂಬತ್ತು ತಪ್ಪು. ಕೆಂಪು ಪೆನ್ನು ತಂದು ಅಲ್ಲೇ ಗೋಡೆಯ ಮೇಲೆಯೇ ತಿದ್ದಿದಳು.

ಮುಂದಿನ ಶನಿವಾರ ಸೈಕಲ್ ಬೆಲ್ಲಾಯಿತು. ಕೆದರಿದ ಕೂದಲು, ಇಸ್ತ್ರಿ ಮಾಡಿದ ಶರ್ಟು, ಸಿಡಿಮಿಡಿಗೊಂಡ ಮುಖ, ಕೈಯಲ್ಲಿ ಎರ್ನೆಸ್ಟೊ ಆಫೀಸಿಗೆ ಒಯ್ದು ತೋರಿಸಿದ್ದ ಅದೇ ಹಾಳೆ. ಫ್ಯಾಕ್ಟರಿಯ ವೆಲ್‌ಫೇರ್ ಸೆಕ್ಷನ್ನಿನ ಗುಮಾಸ್ತ ಗೋಪೀನಾಥ.

"ಈ ಪೇಪರ್ ಮೇಲೆ ಗೀಚಿರೋದು ಯಾರು?"

"ಗೀಚಿಲ್ಲ. ತಿದ್ದಿದೀನಿ," ಎಂದಳು ಕೋಕಿಲಾ ಮೆಟ್ಟಿಲ ಮೇಲೆ ನಿಂತು.

"ಆಫೀಸ್ ಪೇಪರ್ ಕಣ್ರೀ ಇದು. ಮ್ಯಾನೇಜರ್ ಸೈನ್ ಇದೆ."

"ಮ್ಯಾನೇಜರ್ ಮನೇಲಿ ಆರು ಗಂಟೆಗೆ ನೀರು ಬರಬಹುದು. ಇಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಬಂದು ಐದೂವರೆಗೆ ನಿಂತೋಗತ್ತೆ. ಅದೂ ಸೋಮವಾರ, ಬುಧವಾರ, ಶುಕ್ರವಾರ. ನಿಮ್ಮ ಪೇಪರ್ ನಂಬ್ಕೊಂಡು ಆಂಟಿ ಮೂರು ದಿನ ಮಕ್ಕಳಿಗೆ ಸ್ನಾನ ಮಾಡಿಸಿಲ್ಲ."

ಅವನ ಸಿಡುಕು ಅರ್ಧ ಇಳಿಯಿತು.

"ತೊಗರಿಬೇಳೆ ಹತ್ತು ನಿಮಿಷಕ್ಕೆ ಬೇಯತ್ತೆ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ," ಎಂದ ಗೋಪೀನಾಥ, ದನಿ ತಗ್ಗಿಸಿ. "ನಾನು ಹೋಟೆಲಲ್ಲಿ ಊಟ ಮಾಡ್ತೀನಿ."

ಕೋಕಿಲಾ ನಗು ತಡೆಯಲು ತುಟಿ ಕಚ್ಚಿದಳು. ಅದು ಅವನಿಗೆ ಕಾಣಿಸಿತು. ಅವನಿಗೆ ಕಾಣಿಸಿತೆಂದು ಅವಳಿಗೂ ಗೊತ್ತಾಯಿತು. ಮಹಡಿಯ ಬಾಗಿಲಲ್ಲಿ ನಿಂತಿದ್ದ ಲೂರ್ದಮ್ಮನಿಗೆ ಎಲ್ಲವೂ ಗೊತ್ತಾಯಿತು.

ಆಮೇಲಿನ ಹಾಳೆಗಳು ತಪ್ಪಾಗಲಿಲ್ಲ. ಅಚ್ಚಾಗುವ ಮೊದಲೇ ಶನಿವಾರ ಸಂಜೆ ಅವನು ಕರಡು ತಂದು ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವಳು ಎರಡು ಮೆಟ್ಟಿಲು ಮೇಲೆ. ಒಂದು ಸಲ ಗ್ಯಾಸ್ ಟ್ಯೂಬು ಸೋರುತ್ತಿದೆಯೇ ಎಂದು ನೋಡುವುದನ್ನು ಬರೆಯಬೇಕಿತ್ತು. ಕೋಕಿಲಾ ಸೋಪಿನ ನೊರೆ ಹಚ್ಚಿ ತೋರಿಸಿದಳು.

"ಇಲ್ಲಿ ಗುಳ್ಳೆ ಎದ್ರೆ ಲೀಕು ಅಂತ ಅರ್ಥ. ನೋಡಿ, ಸರಿಯಾಗಿ."

"ನೋಡ್ತಾ ಇದೀನಿ."

"ಟ್ಯೂಬ್ ನೋಡಿ."

ಅವನ ಕಿವಿ ಕೆಂಪಾಯಿತು. ಅವಳದು ಅದಕ್ಕಿಂತ ಹೆಚ್ಚು. ಟ್ಯೂಬಿನಲ್ಲಿ ಗುಳ್ಳೆ ಏಳಲಿಲ್ಲ, ಏಳಬೇಕಾದ ಕಡೆ ಎದ್ದಿತ್ತು.

ಆದರೆ ಬಾಯಿ ಬಿಡುವ ಜಾತಿಯ ಗಂಡಲ್ಲ ಅವನು. ಅಕ್ಟೋಬರ್ ಕಳೆಯಿತು, ನವೆಂಬರ್ ಬಂತು. ಕೋಕಿಲಾ ಕಾದೇ ಕಾದಳು.

ನವೆಂಬರಿನ ಒಂದು ಸೋಮವಾರ ಬೆಳಗಿನ ಜಾವ ಅವಳು ಎರಡು ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೊರಟಳು. ಬಾಗಿಲು ತೆಗೆದರೆ, ಜಗಲಿಯ ಮೇಲೆ ತುಂಬಿದ ನಾಲ್ಕು ಬಿಂದಿಗೆ. ಪಕ್ಕದಲ್ಲಿ ಡ್ರಮ್ಮು, ಬಾಯಿತನಕ ನೀರು. ಅವಳ ಕೈಯಲ್ಲಿದ್ದ ಖಾಲಿ ಬಿಂದಿಗೆ ಠಣ್ಣೆಂದು ಕೆಳಗೆ ಬಿತ್ತು. ಬೀದಿಯ ತುದಿಯಲ್ಲಿ ನೋಡಿದರೆ ಹೆಂಗಸರ ಸಾಲಿನ ನಡುವೆ ಒಂದು ಪ್ಯಾಂಟು. ಮೊಣಕಾಲತನಕ ಮಡಚಿದ ಪ್ಯಾಂಟು. ಗೋಪೀನಾಥ.

ಸಾಲಿಗೆ ಸಾಲೇ ಬಾಯಿ ಕಳೆದು ನಿಂತಿತ್ತು. ಎದುರು ಮನೆಯ ಗಂಗಲಕ್ಷ್ಮಮ್ಮನಿಗೆ ಎಂಥ ಆಘಾತವಾಯಿತೆಂದರೆ, ಜಗಳವಾಡದೆ ತನ್ನ ಸರದಿ ಬಿಟ್ಟುಕೊಟ್ಟಳು. ಹದಿನೈದು ವರ್ಷದಲ್ಲಿ ಅದೇ ಮೊದಲು.

"ಯಾರಮ್ಮಾ ಈ ಗಂಡಸು?"

"ಮಹಡಿ ಮನೆಯೋರ ಆಫೀಸಿನೋನು."

"ಮಹಡಿ ಮನೆಗಾದ್ರೆ ಮೇಲಕ್ಕೆ ಹೊರ್ಬೇಕು. ಇವ್ನು ಕೆಳಗಡೆ ಮನೇಗೆ ಹೊರ್ತಾವ್ನಲ್ಲೇ."

ಬುಧವಾರವೂ ಬಂದ. ಶುಕ್ರವಾರವೂ. ಮಿಲ್ಲಿನಿಂದ ರಾತ್ರಿ ಪಾಳಿ ಮುಗಿಸಿ ಬಂದ ನಾರಾಯಣಪ್ಪ ಅವನನ್ನು ನೋಡಿ ಮೊದಲು ಗಾಬರಿಯಾದರು, ಆಮೇಲೆ ತಾವೇ ಒಂದು ಉತ್ತರ ಹುಡುಕಿಕೊಂಡು ಎದೆಯುಬ್ಬಿಸಿದರು. "ಫ್ಯಾಕ್ಟರಿಯೋರು ಕಳಿಸಿರೋದು. ಫಾರಿನ್ನಿನೋರಿಗೆ ಮನೆ ಕೊಟ್ರೆ ಓನರ್‌ಗೂ ಹಿಂಗೆ ಫೆಸಿಲಿಟಿ ಇರತ್ತೆ." ಬೀದಿಗೆಲ್ಲ ಹೇಳಿಕೊಂಡು ಬಂದರು. ಬರಬರುತ್ತಾ ಸೀಮೆಎಣ್ಣೆ ಕ್ಯೂಗೂ ಅವನನ್ನೇ ನಿಲ್ಲಿಸಿದರು, ತೊಟ್ಟಿಯ ಪಾಚಿಯನ್ನೂ ಉಜ್ಜಿಸಿದರು. ಗೋಪೀನಾಥ ಒಂದಕ್ಕೂ ಇಲ್ಲವೆನ್ನಲಿಲ್ಲ.

ಕೋಕಿಲಾ ಒಂದು ದಿನ ತೊಟ್ಟಿಯ ಬಳಿ ಅವನನ್ನು ತಡೆದಳು.

"ಇದಕ್ಕೆ ಆಫೀಸಲ್ಲಿ ಸಂಬಳ ಕೊಡ್ತಾರಾ?"

"ನೀರು ಹೊರೋದಕ್ಕೆ ಯಾರ್ರೀ ಸಂಬಳ ಕೊಡ್ತಾರೆ?"

"ಮತ್ಯಾಕೆ ಹೊರ್ತೀರ?"

ಅವನು ಬಿಂದಿಗೆಯೊಳಗೆ ನೋಡಿದ, ಉತ್ತರ ಅದರ ತಳದಲ್ಲಿದೆಯೋ ಎಂಬಂತೆ. "ನಿಮ್ಮ ತಂದೆ ಕೇಳಲಿ. ಹೇಳ್ತೀನಿ."

"ನಾನು ಕೇಳ್ತಾ ಇದೀನಲ್ಲ."

"ತಂದೇನೇ ಕೇಳ್ಬೇಕು."

ಅವಳಿಗೆ ಮೈ ಉರಿದುಹೋಯಿತು. ಹಾಗಾದರೆ ಇದು ಬಾಡಿಗೆ ವ್ಯವಹಾರ, ಓನರ್‌ನ ಓಲೈಕೆ. ಮೆಟ್ಟಿಲ ಮೇಲಿನ ಶನಿವಾರಗಳೆಲ್ಲ ತನ್ನ ಭ್ರಮೆ. ಆ ವಾರ ಹಾಳೆಯನ್ನು ಕುಂಕುಮದ ನೀರು ಚೆಲ್ಲಿದಂತೆ ಕೆಂಪಗೆ ತಿದ್ದಿ ಕೊಟ್ಟಳು. ಸರಿಯಿದ್ದದ್ದನ್ನೂ ಬಿಡಲಿಲ್ಲ.

ಏಪ್ರಿಲ್ ಬಂತು. ವಿಜಯನಗರದಿಂದ ಒಂದು ಸಂಬಂಧವೂ ಬಂತು. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ, ತಾಯಿ ಯಶೋದಮ್ಮ. ಭಾನುವಾರ ನಾಲ್ಕು ಗಂಟೆಗೆ ಹೆಣ್ಣು ನೋಡಲು ಬರುತ್ತಾರೆ ಎಂದು ಅಪ್ಪ ಶನಿವಾರ ಬೆಳಿಗ್ಗೆ ಹೇಳಿದರು. "ಒಪ್ಪಿದ್ರೆ ಅಲ್ಲೇ ತಾಂಬೂಲ. ನಾನು ಮಾತು ಕೊಟ್ಟಾಯ್ತು."

ಕೋಕಿಲಾ ಮಹಡಿಗೆ ಓಡಿದಳು. ಲೂರ್ದಮ್ಮ ಅಕ್ಕಿ ಆರಿಸುತ್ತಿದ್ದಳು. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ಸೇರಿಸಿ ಮಾತಾಡುವುದು ಅವಳ ಅಭ್ಯಾಸ.

"ಆಂಟಿ, ಆ ಮನುಷ್ಯ ನಮ್ಮನೆಗೆ ಯಾಕೆ ನೀರು ಹೊರ್ತಾನೆ?"

ಲೂರ್ದಮ್ಮ ಮೊರವನ್ನು ಕೆಳಗಿಟ್ಟಳು. "ನಿನಗೆ ಗೊತ್ತಿಲ್ಲವಾ? ಕೋಕಿ, ನಿಜವಾಗಿಯೂ?"

"ಏನು ಗೊತ್ತಿಲ್ಲ?"

"ನನ್ನ ಎರ್ನೆಸ್ಟೊ ನಮ್ಮಪ್ಪನ ಮನೆಗೆ ಏಳು ತಿಂಗಳು ನೀರು ಹೊತ್ತ. ಸೌದೆ ಒಡೆದ. ಹಂದಿ ಗೂಡು ತೊಳೆದ. ನಮ್ಮ ಕಡೆ ಹಳೇ ಕಾಲದಿಂದ ಹಾಗೇ. ಹುಡುಗ ಬಾಯಲ್ಲಿ ಹೇಳಲ್ಲ, ಕೈಯಲ್ಲಿ ಹೇಳ್ತಾನೆ. ಅಪ್ಪ ಸುಮ್ಮನೆ ಮಾಡಿಸ್ಕೊಳ್ತಾನೆ. ಒಂದು ದಿನ ಅಪ್ಪಾನೇ ಕೇಳ್ತಾನೆ, ಯಾಕಪ್ಪಾ ಅಂತ. ಆಗ ಹುಡುಗ ಹೆಣ್ಣು ಕೇಳ್ತಾನೆ. ಗೋಪಿ ನನ್ನ ಹತ್ರ ಬಂದು, ಆಂಟಿ, ನನಗೆ ಮಾತು ಬರಲ್ಲ, ಏನು ಮಾಡ್ಲಿ ಅಂದ. ನಾನು ಇದನ್ನ ಹೇಳಿಕೊಟ್ಟೆ."

ಕೋಕಿಲಾ ಅಕ್ಕಿಯ ಮೇಲೆಯೇ ಕೂತುಬಿಟ್ಟಳು. ಐದು ತಿಂಗಳು. ವಾರಕ್ಕೆ ಮೂರು ದಿನ. ಪ್ರತಿ ಬಿಂದಿಗೆಯೂ ಒಂದೊಂದು ಮಾತು, ಅದರಲ್ಲಿ ತಾನು ಸ್ನಾನ ಮಾಡಿದ್ದಳು, ಬಟ್ಟೆ ಒಗೆದಿದ್ದಳು, ಸಾರು ಮಾಡಿದ್ದಳು.

"ಅಂಥ ಹುಡುಗನಿಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು ಲೂರ್ದಮ್ಮ.

"ಮದುವೆ ಆದ್ಮೇಲೆ ಅಳಿಯ ಅಂತಾರೆ."

"ಮುಂಚೆ?"

"ಮುಂಚೆಗೆ ನಮ್ಮಲ್ಲಿ ಪದವೇ ಇಲ್ಲ, ಆಂಟಿ," ಎಂದು ಹೇಳಿ ಕೋಕಿಲಾ ಅತ್ತಳು.

ಆ ಸಂಜೆ ಗೋಪೀನಾಥ ಕರಡು ತಂದಾಗ ಮನೆಯ ತುಂಬ ನೆಂಟರು. ಒಂದು ಮಾತಾಡಲೂ ಎಡೆಯಿರಲಿಲ್ಲ. ಅವಳು ಹಾಳೆಯನ್ನು ಕಿಟಕಿಯಿಂದ ತೆಗೆದುಕೊಂಡು, ಕಿಟಕಿಯಿಂದಲೇ ಹಿಂದಿರುಗಿಸಿದಳು. ಒಂದೇ ಒಂದು ಕೆಂಪು ಸಾಲು. 'ಭಾನುವಾರ ಸಂಜೆ ನಾಲ್ಕೂವರೆಗೆ ನೀರು ಬರುತ್ತದೆ.'

ಅವಳು ಬರೆದ ಮೊದಲ ತಪ್ಪು ಮಾಹಿತಿ. ಭಾನುವಾರ ನೀರಿಲ್ಲವೆಂದು ಊರಿಗೆಲ್ಲ ಹಾಳೆ ಹಂಚಿದವನೇ ಅವನು. ಅವನು ಓದಿದ, ಅವಳನ್ನು ನೋಡಿದ, ಮಡಚಿ ಜೇಬಿಗಿಟ್ಟುಕೊಂಡ.

ಭಾನುವಾರ ಕೋಕಿಲಾ ರೇಷ್ಮೆ ಸೀರೆಯುಟ್ಟು, ತಲೆ ತಗ್ಗಿಸಿ, ಚಾಪೆಯ ಅಂಚಿನಲ್ಲಿ ಕೂತಿದ್ದಳು. ಯಶೋದಮ್ಮ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಅವಳ ಜಡೆ ಅಳೆಯುತ್ತಿದ್ದರು. ಬ್ಯಾಂಕಿನ ಹುಡುಗ ಫ್ಯಾನನ್ನು ನೋಡುತ್ತಿದ್ದ. ಗಡಿಯಾರ ನಾಲ್ಕೂವರೆ ದಾಟಿತು. ನಾಲ್ಕೂಮುಕ್ಕಾಲು. ನಾರಾಯಣಪ್ಪ ತಾಂಬೂಲದ ತಟ್ಟೆಗೆ ಕೈ ಹಾಕಿದರು.

ಬಾಗಿಲಲ್ಲಿ ನೆರಳು ಬಿತ್ತು. ಎರಡು ಕೈಯಲ್ಲಿ ಎರಡು ಬಿಂದಿಗೆ, ಮೈಯೆಲ್ಲ ಬೆವರು, ಗೋಪೀನಾಥ. ಬೀದಿಯ ನಲ್ಲಿ ಒಣಗಿ ಬಿದ್ದಿತ್ತು. ಆಚೆ ಬಡಾವಣೆಯ ಬೋರ್‌ವೆಲ್ಲಿನಲ್ಲಿ ಹೊಡೆದು ತಂದಿದ್ದ. ನಾಲ್ಕು ಮೈಲಿ ಎಂದು ಬೀದಿಯವರು ಈಗಲೂ ಹೇಳುತ್ತಾರೆ. ಅರ್ಧ ಮೈಲಿ ಇದ್ದೀತು.

"ಫ್ಯಾಕ್ಟರಿಯೋನು," ಎಂದರು ನಾರಾಯಣಪ್ಪ ಗತ್ತಿನಿಂದ. "ಫೆಸಿಲಿಟಿ."

"ಓಹೋ," ಎಂದರು ಯಶೋದಮ್ಮ. "ಹುಡುಗಿ ಜೊತೆ ನಮ್ಮನೆಗೂ ಬರ್ತಾನೇನು ಇವನು?"

ಆಗ ಮೆಟ್ಟಿಲಿಳಿದು ಬಂದಳು ಲೂರ್ದಮ್ಮ. ಕೈಯಲ್ಲಿ ದೊಡ್ಡ ತಟ್ಟೆ, ಅದರ ತುಂಬ ಅವರ ಕಡೆಯ ಶ್ಯಾವಿಗೆ. ಅದನ್ನು ತಾಂಬೂಲದ ತಟ್ಟೆಯ ಮೇಲೆಯೇ ಇಟ್ಟು, ಎಂಟು ತಿಂಗಳಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು.

"ಕೆಲಸದೋನು ಅಲ್ಲ. ಅಳಿಯ. ಮದುವೆ ಮುಂಚೆ ಅಳಿಯ."

ಯಶೋದಮ್ಮನ ಬಜ್ಜಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಇಂದ್ರಮ್ಮ ಕಂಬ ಹಿಡಿದುಕೊಂಡರು. ಬ್ಯಾಂಕಿನ ಹುಡುಗ ಮೊದಲ ಸಲ ಫ್ಯಾನ್ ಬಿಟ್ಟು ಕೆಳಗೆ ನೋಡಿದ. ಲೂರ್ದಮ್ಮ ಬಿಡಲಿಲ್ಲ. ನೀರು, ಸೌದೆ, ಎರ್ನೆಸ್ಟೊ, ಏಳು ತಿಂಗಳು, ಎಲ್ಲವನ್ನೂ ಕೈಯಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿ ಮುಗಿಸಿದಳು. ಕೊನೆಗೆ, "ನೀವು ಐದು ತಿಂಗಳು ನೀರು ಕುಡಿದ್ರಿ," ಎಂದಳು.

ನಾರಾಯಣಪ್ಪನ ಮೀಸೆ ಎರಡು ಸಲ ಅದುರಿತು. ಅವರಿಗೆ ಸಿಟ್ಟು ಮಾಡಿಕೊಳ್ಳಲೂ ತೋಚಲಿಲ್ಲ.

"ಏನಯ್ಯಾ," ಎಂದರು ಕೊನೆಗೆ. "ಯಾಕೆ ಹೊರ್ತಾ ಇದೀಯ ನೀರು?"

ಐದು ತಿಂಗಳಿಂದ ಕಾದಿದ್ದ ಪ್ರಶ್ನೆ. ಗೋಪೀನಾಥ ಬಿಂದಿಗೆ ಕೆಳಗಿಳಿಸಲಿಲ್ಲ.

"ನಿಮ್ಮ ಮಗಳನ್ನ ಕೇಳಕ್ಕೆ, ಸಾರ್. ವಾರಕ್ಕೆ ಮೂರು ದಿನ ಕೇಳ್ತಾ ಇದೀನಿ."

ಕೋಕಿಲಾ ಚಾಪೆಯಿಂದ ಎದ್ದಳು. ತಲೆ ತಗ್ಗಿಸಬೇಕೆಂಬುದೇ ಮರೆತುಹೋಗಿತ್ತು. ಅವನ ಬಲಗೈಯಿಂದ ಒಂದು ಬಿಂದಿಗೆ ಬಿಡಿಸಿಕೊಂಡಳು. ಅಷ್ಟು ದಿನದಲ್ಲಿ ಅವರ ಬೆರಳು ತಾಕಿದ್ದು ಅದೇ ಮೊದಲು. ಬಿಂದಿಗೆ ಬಗ್ಗಿಸಿ ಅಪ್ಪನ ಹಿತ್ತಾಳೆ ಲೋಟ ತುಂಬಿದಳು, ಅವರ ಮುಂದೆ ಹಿಡಿದಳು.

"ಅಪ್ಪ, ಇಷ್ಟು ದಿನ ನೀನು ಗೊತ್ತಿಲ್ದೆ ಕುಡಿದೆ. ಇದನ್ನ ಗೊತ್ತಿದ್ದು ಕುಡಿ. ಬೇಡ ಅಂದ್ರೆ ಇಲ್ಲೇ ಚೆಲ್ಲಿಬಿಡು, ನಾನು ಮತ್ತೆ ಹೋಗಿ ಚಾಪೆ ಮೇಲೆ ಕೂತ್ಕೋತೀನಿ."

"ಸಾರ್," ಎಂದ ಗೋಪೀನಾಥ ಅಭ್ಯಾಸಬಲದಿಂದ, "ಬೋರ್‌ವೆಲ್ ನೀರು, ಇಪ್ಪತ್ತು ನಿಮಿಷ ಕುದಿಸಿ..."

ಕೋಕಿಲಾ ತಿರುಗಿ ನೋಡಿದ ನೋಟಕ್ಕೆ ಅವನ ಬಾಯಿ ಮುಚ್ಚಿತು.

ನಾರಾಯಣಪ್ಪ ಲೋಟ ತೆಗೆದುಕೊಂಡರು. ನೀರನ್ನು ನೋಡಿದರು. ಮಗಳ ಒದ್ದೆ ಕಣ್ಣು ನೋಡಿದರು, ಆ ಹುಡುಗನ ಅಂಗೈಯಲ್ಲಿ ಬಿಂದಿಗೆಯ ಕಂಠ ಒತ್ತಿ ಒತ್ತಿ ಎದ್ದ ಬೊಬ್ಬೆ ನೋಡಿದರು.

ಕುಡಿದರೋ ಚೆಲ್ಲಿದರೋ, ಅದನ್ನು ನೀವೇ ಹೇಳಿ ನೋಡೋಣ. ಬೇಕಾದರೆ ಒಂದು ಸುಳಿವು ಕೊಡುತ್ತೇನೆ. ಅದು ಏಪ್ರಿಲ್ ತಿಂಗಳ ಬಿಸಿಲು, ಮತ್ತು ನಾರಾಯಣಪ್ಪ ಅಷ್ಟು ಹೊತ್ತಿಗಾಗಲೇ ಆರು ಮೆಣಸಿನಕಾಯಿ ಬಜ್ಜಿ ತಿಂದಿದ್ದರು.